ಗೌರಿ ಹಾಕಿದ ಬೋಳು ಕರು

ಬಿಜೂರಿನ ಪ್ರೇಮಾನಂದನ ಎದುರು ಎರಡು ವಿಷಯ ಯಾರೂ ಮಾತಾಡುವ ಹಾಗಿರಲಿಲ್ಲ. ಒಂದು ಅವನ ತಲೆಗೂದಲು, ಇನ್ನೊಂದು ಬಳಿ, ಅಂದರೆ ಗೋತ್ರದಂಥ ಕುಲದ ಲೆಕ್ಕ. ಮೊದಲನೆಯದನ್ನು ಮಾತಾಡಿದರೆ ಅವನಿಗೆ ಸಿಟ್ಟು ಬರುತ್ತಿತ್ತು. ಎರಡನೆಯದನ್ನು ಮಾತಾಡಿದರೆ ಅವನು ನಿಲ್ಲಿಸುತ್ತಿರಲಿಲ್ಲ.

ತಲೆಗೂದಲಿನ ಸಂಗತಿ ಹೀಗೆ. ಅವನ ಎಡಗಿವಿಯ ಮೇಲೆ ಒಂದು ಹಿಡಿಯಷ್ಟು ಉಳಿದಿತ್ತು. ಅದನ್ನು ಸೌತೆಬಳ್ಳಿಯ ಹಾಗೆ ಉದ್ದಕ್ಕೆ ಬಿಟ್ಟು, ಬೆಳಿಗ್ಗೆ ತೆಂಗಿನೆಣ್ಣೆ ಹಾಕಿ, ನೆತ್ತಿಯ ಮೇಲಿಂದ ಹಾಯಿಸಿ ಬಲಗಿವಿಯ ಹತ್ತಿರ ತಂದು ಕೂರಿಸುತ್ತಿದ್ದ. ದೂರದಿಂದ ಕಂಡವರಿಗೆ ತಲೆ ತುಂಬ ಕೂದಲು. ಹತ್ತಿರದಿಂದ ಕಾಣುವವರು ಊರವರೇ ಆದ್ದರಿಂದ ಸುಮ್ಮನಿರುತ್ತಿದ್ದರು. ಗಾಳಿಯ ದಿನ ಅವನು ಕಡಲ ಬದಿಗೆ ಹೋದದ್ದನ್ನು ಕಂಡವರಿಲ್ಲ.

ಬಳಿಯ ಸಂಗತಿ ಸ್ವಲ್ಪ ಗಂಭೀರದ್ದು. ನಮ್ಮ ಕಡೆ ಮನುಷ್ಯನಿಗೆ ಬಳಿ ಬರುವುದು ಅಬ್ಬಿಯಿಂದ, ಅಂದರೆ ತಾಯಿಯಿಂದ. ಅಪ್ಪ ಯಾವ ಬಳಿಯವನಾದರೂ ಮಕ್ಕಳು ಅಬ್ಬಿಯ ಬಳಿಗೇ ಸೇರಿದವರು. ಒಂದೇ ಬಳಿಯ ಗಂಡು ಹೆಣ್ಣೆಂದರೆ ಅಣ್ಣ ತಂಗಿಯ ಲೆಕ್ಕ, ಮದುವೆ ಕೂಡದು. ಬೈಂದೂರಿನಿಂದ ಬ್ರಹ್ಮಾವರದ ತನಕ ಯಾರ ಮನೆಯದು ಯಾವ ಬಳಿ, ಅವರ ಅಜ್ಜಿಯ ಅಜ್ಜಿ ಯಾವ ಮನೆಯವಳು ಎಂಬುದೆಲ್ಲ ಪ್ರೇಮಾನಂದನ ಬಾಯಲ್ಲೇ ಇತ್ತು. ಸಂಬಂಧ ಕುದುರಿಸುವವರು ಮೊದಲು ಅವನನ್ನು ಕರೆಸಿ, ಚಾ ಕೊಟ್ಟು, ‘ಅಡ್ಡಿಯಿಲ್ಲೆ’ ಎನ್ನಿಸಿಕೊಂಡೇ ಮುಂದಿನ ಮಾತು ಎತ್ತುತ್ತಿದ್ದರು.

ಇಷ್ಟಕ್ಕೆ ನಿಂತಿದ್ದರೆ ಒಳ್ಳೆಯದಿತ್ತು. ಪ್ರೇಮಾನಂದ ದನಗಳಿಗೂ ಬಳಿ ಹಚ್ಚಿದ.

ಅವನ ಹಟ್ಟಿಯಲ್ಲಿ ಕರಿಯನೆಂಬ ಊರತಳಿಯ ಹೋರಿ ಇತ್ತು. ದನ ಗಬ್ಬವಾಗಲೆಂದು ಆಸ್ಪತ್ರೆಯವರು ಕೊಡುವ ಇಂಜೆಕ್ಷನ್ ಪ್ರೇಮಾನಂದನಿಗೆ ಆಗಿಬರುತ್ತಿರಲಿಲ್ಲ. “ಆ ಕರಿಗೆ ಹೇಳ್ಕಂಬುಕೆ ಒಂದ್ ಮನೆ ಇಲ್ಲೆ, ಒಂದ್ ಮಾವ ಇಲ್ಲೆ” ಎಂದು ಹಾಗೆ ಹುಟ್ಟಿದ ಕರುವನ್ನು ಹೀಗಳೆಯುತ್ತಿದ್ದ. ಯಾರಾದರೂ ಬೆದೆಗೆ ಬಂದ ದನ ಹೊಡೆದುಕೊಂಡು ಬಂದರೆ ಅದನ್ನು ಅಂಗಳದ ತೆಂಗಿನ ಮರಕ್ಕೆ ಕಟ್ಟಿಸಿ, ತಾನು ಜಗಲಿಯಲ್ಲಿ ಕೂತು ಅದರ ಅಬ್ಬಿ, ಅಜ್ಜಿ, ಮುತ್ತಜ್ಜಿಯರನ್ನು ವಿಚಾರಿಸುತ್ತಿದ್ದ. ಕರಿಯನ ಬಳಿಯೂ ಅದರ ಬಳಿಯೂ ಒಂದೇ ಎಂದು ಕಂಡರೆ ದನ ಬಂದ ದಾರಿಯಲ್ಲೇ ವಾಪಸು. ಕರಿಯ ಹಟ್ಟಿಯೊಳಗಿಂದ ಎಷ್ಟು ಕೂಗಿದರೂ ತೀರ್ಪು ಬದಲಾಗುತ್ತಿರಲಿಲ್ಲ.

ಪ್ರೇಮಾನಂದನದೇ ದನ ಗೌರಿಯ ಸರದಿ ಬಂದಾಗ ನೆರೆಮನೆಯ ಕುಷ್ಟ ಅಲ್ಲೇ ಇದ್ದ. ಗೌರಿ ಹುಟ್ಟಿದ್ದು ಕುಷ್ಟನ ಹಟ್ಟಿಯಲ್ಲಿ. ಕಡಸಾಗಿದ್ದಾಗ ಪ್ರೇಮಾನಂದನಲ್ಲಿಗೆ ಬಂದದ್ದು. ಹಾಗಾಗಿ ಕುಷ್ಟ ತನ್ನನ್ನು ಗೌರಿಯ ತವರುಮನೆಯವನೆಂದೇ ತಿಳಿದಿದ್ದ.

“ಹ್ವಾಯ್ ಪ್ರೇಮಣ್ಣ, ನಂಗೊಂದ್ ಸಂಶಯ. ಗೌರಿ ಅಪ್ಪನೂ ಹಿಂದಿನ ದೊಡ್ಡ ಕರಿಯ, ಈ ಕರಿಯನ ಅಪ್ಪನೂ ಅದೇ ದೊಡ್ಡ ಕರಿಯ ಅಲ್ದಾ?”

“ಆಯ್ಲಿ. ಅಬ್ಬಿ?”

“ಅಬ್ಬಿ ಬೇರೆ ಬೇರೆ. ಗೌರಿದ್ ನಮ್ಮನೆ ಕೆಂಪಿ. ಇದ್ರದ್ ನಿಮ್ಮನೆ ಕಪಿಲೆ.”

“ಬಳಿ ಬಪ್ಪುದ್ ಯಾರಿಂದ?”

“ಅಬ್ಬಿಯಿಂದ.”

“ಮತ್ತೆಂತ ನಿಂದ್ ಕಿರಿಕಿರಿ? ಅಪ್ಪ ಅಂದ್ರೆ ಬಂದ್ ಹೋಪವ. ಅವ್ನನ್ನೂ ಲೆಕ್ಕಕ್ಕೆ ಹಿಡುಕೆ ಹೊರಟ್ರೆ ಈ ಊರಗೆ ಒಂದ್ ಮದಿಯೂ ಆತಿಲ್ಲೆ, ತೆಳ್ಕೋ.”

ಕುಷ್ಟ ತಿಳಿದುಕೊಂಡ. ಗೌರಿ ಗಬ್ಬವಾಯಿತು.

ಇದೇ ಹೊತ್ತಿಗೆ ಮನೆಯಲ್ಲಿ ಇನ್ನೊಂದು ಸಂಬಂಧದ ಮಾತು ನಡೆಯುತ್ತಿತ್ತು. ಪ್ರೇಮಾನಂದನ ತಂಗಿ ವನಜಳ ಮಗಳು ಸೌಮ್ಯಶ್ರೀ ಗಂಗೊಳ್ಳಿಯ ಒಂದು ಐಸ್ ಪ್ಲಾಂಟಿನ ಆಫೀಸಿನಲ್ಲಿ ಕೆಲಸಕ್ಕಿದ್ದಳು. ಬ್ರಹ್ಮಾವರದಲ್ಲಿ ಸ್ಕೂಟರ್ ಬಿಡಿಭಾಗಗಳ ಅಂಗಡಿ ಇಟ್ಟ ರತೀಶನೂ ಅವಳೂ ಯಾರದೋ ಮದುವೆಯ ಊಟದ ಸಾಲಿನಲ್ಲಿ ಎದುರುಬದುರು ಕೂತವರು, ಆಮೇಲೆ ಫೋನು ಕೆಳಗಿಟ್ಟವರಲ್ಲ. ಅವರಿಬ್ಬರ ಮಾತು ಎಂದೋ ಮುಗಿದಿತ್ತು. ಆಗಬೇಕಾದದ್ದು ಮಾವಂದಿರ ಮಾತು.

ರತೀಶನ ಸೋದರಮಾವ ಕೊರಗಣ್ಣ ಸುಲಭದ ಮನುಷ್ಯನಲ್ಲ. ಅಡಿಕೆ ಹಾಳೆಯ ಮುಟ್ಟಾಳೆ ಅವನ ತಲೆಯಿಂದ ಇಳಿದದ್ದೇ ಇಲ್ಲ. ಉಣ್ಣುವಾಗಲೂ ಅದೇ, ಮದುವೆಮನೆಯಲ್ಲೂ ಅದೇ. ಹಿಂದೆ ಬಂದ ಒಂದು ಸಂಬಂಧವನ್ನು ಆ ಮನೆಯ ನಾಯಿ ತನ್ನನ್ನು ಕಂಡು ಬೊಗಳಲಿಲ್ಲ, ಕಾವಲಿಗೆ ಆಗದ ನಾಯಿ ಸಾಕಿದವರು ಎಂಥವರು ಎಂದು ಬಿಟ್ಟುಬಂದವನು. ಬಿಜೂರಿಗೆ ಬಂದಾಗಲೂ ಅವನು ಚಾ ಮುಟ್ಟದೆ ಮಾಡಿನ ಹಂಚು ಎಣಿಸುತ್ತ ಕೂತಿದ್ದ. ವನಜ ಒಳಗೆ ಬೆವರು ಒರೆಸಿಕೊಳ್ಳುತ್ತಿದ್ದಳು. ಅಷ್ಟರಲ್ಲಿ ಹಟ್ಟಿಯಿಂದ ಗೌರಿ ಕೂಗಿತು.

“ಊರ ದನುವಾ?” ಕೊರಗಣ್ಣನ ಕಣ್ಣು ಹಂಚಿನಿಂದ ಇಳಿಯಿತು.

“ಊರ ದನುವಾ ಅಂತ ಕೇಂತ್ರಿಯಾ ಭಾವ! ಅಬ್ಬಿ ಬದಿಯಿಂದ ಏಳ್ ತಲೆ ಹೇಳ್ತೆ, ಕೇಣಿ” ಎಂದು ಪ್ರೇಮಾನಂದ ಶುರುಮಾಡಿದ. ಏಳನೆಯ ತಲೆಗೆ ಬರುವಷ್ಟರಲ್ಲಿ ಕೊರಗಣ್ಣ ಆರಿದ ಚಾ ಕುಡಿದು ಮುಗಿಸಿದ್ದ. ಹುಡುಗ ಹುಡುಗಿಯ ಬಳಿಯನ್ನೂ ಪ್ರೇಮಾನಂದ ಅದೇ ಉಸಿರಿನಲ್ಲಿ ಹೇಳಿ, ಬೇರೆ ಬೇರೆ, ಅಡ್ಡಿಯಿಲ್ಲೆ ಎಂದ. ಸಂತೋಷ ಹೆಚ್ಚಾಗಿ, ಗಬ್ಬದ ಗೌರಿಯನ್ನು ಬೀಗರ ಮನೆಗೇ ಉಡುಗೊರೆಯಾಗಿ ಕೊಟ್ಟೂಬಿಟ್ಟ.

“ಹುಟ್ಟುವ ಕರಿ ಕಂಡ್ಕಂಡ್ ನೀವೇ ನನ್ನ ನೆನಪ್ ಮಾಡ್ಕಂತ್ರಿ ಭಾವ” ಎಂದೂ ಹೇಳಿ ಕಳಿಸಿದ.

ಆ ಮಾತು ಅಕ್ಷರಶಃ ನಿಜವಾಯಿತು.

ನಿಶ್ಚಯದ ದಿನ ಹತ್ತಿರ ಬಂದಿತ್ತು. ಒಂದು ಬೆಳಿಗ್ಗೆ ಪ್ರೇಮಾನಂದ ಎಡಗಿವಿಯ ಕೂದಲನ್ನು ನೆತ್ತಿಯ ಅರ್ಧಕ್ಕೆ ತಂದಿದ್ದಾಗ ಫೋನು ಬಡಿಯಿತು.

“ದನ ಕರಿ ಹಾಕಿತ್ತ್” ಎಂದ ಕೊರಗಣ್ಣ.

“ಒಳ್ಳೇದಾಯ್ತ್ ಭಾವ! ಗಂಡಾ ಹೆಣ್ಣಾ?”

“ಅದ್ ಆಮೇಲ್ ಕಾಂಬ. ಮೊದ್ಲ್ ಇದ್ ಎಂತ ಅಂತ ಹೇಳಿ. ರೋಮವೇ ಇಲ್ಲೆ ಮರ್ರೆ! ಒಂದ್ ಎಳೆ ಇಲ್ಲೆ!”

ಪ್ರೇಮಾನಂದನ ಕೈ ತಾನಾಗಿ ನೆತ್ತಿಗೆ ಹೋಯಿತು. “ಯಾರದ್?” ಎಂದ.

“ಕರಿದ್ದ್! ಮತ್ಯಾರದ್?”

ಅವನು ವನಜಳನ್ನೂ ಕುಷ್ಟನನ್ನೂ ಕರೆದುಕೊಂಡು ಸಿಕ್ಕಿದ ಬಸ್ಸು ಹತ್ತಿದ. ಕುಂದಾಪುರ ದಾಟುವಾಗ ಕಂಡಕ್ಟರು ಮೊಬೈಲು ತಂದು ಮೂತಿಯ ಹತ್ತಿರ ಹಿಡಿದ. “ಕಂಡ್ರ್ಯಾ? ಬ್ರಹ್ಮಾವರದಗೆ ದನ ಆನೆಮರಿ ಹಾಕಿತ್ತಂಬ್ರ್.” ಪರದೆಯ ಮೇಲೆ ಗೌರಿ ಯಾವುದೋ ನುಣ್ಣಗಿನ ವಸ್ತುವನ್ನು ನೆಕ್ಕುತ್ತಿತ್ತು. ಪ್ರೇಮಾನಂದ ಮುಖ ಕಿಟಕಿಯ ಕಡೆ ತಿರುಗಿಸಿದ. ಕುಷ್ಟ ಮಾತ್ರ ಎಲ್ಲರಿಗೂ ಕೇಳುವ ಹಾಗೆ, “ಆ ದನ ನಮ್ಮನೆದ್ದೇ” ಎಂದು ಹೆಮ್ಮೆಯಿಂದ ಹೇಳಿಬಿಟ್ಟ.

ಕೊರಗಣ್ಣನ ಅಂಗಳದಲ್ಲಿ ಜನ ಕೂಡಿದ್ದರು. ಕರು ಹೆಣ್ಣು. ಬೇಯಿಸಿ ಸಿಪ್ಪೆ ಸುಲಿದ ಗೆಣಸಿನ ಹಾಗೆ ಇತ್ತು. ಕಿವಿಯ ಅಂಚಿನಲ್ಲಿ, ಬಾಲದ ತುದಿಯಲ್ಲಿ ಮಾತ್ರ ನಾಲ್ಕು ಎಳೆ. ಉಳಿದಂತೆ ಅದಕ್ಕೆ ಯಾವ ಕೊರತೆಯೂ ಇರಲಿಲ್ಲ. ಕುಣಿಯುತ್ತಿತ್ತು, ಗುದ್ದಿ ಗುದ್ದಿ ಹಾಲು ಕುಡಿಯುತ್ತಿತ್ತು. ಚಳಿಯಾದೀತೆಂದು ರತೀಶ ತನ್ನ ಅಂಗಡಿಯ ಟೀ ಶರ್ಟು ತೊಡಿಸಿದ್ದ. ಕರುವಿನ ಬೆನ್ನಿನ ಮೇಲೆ ‘ಎಲ್ಲ ಬಗೆಯ ಸ್ಪೇರ್ ಪಾರ್ಟ್ಸ್ ದೊರೆಯುತ್ತದೆ’ ಎಂದು ದೊಡ್ಡ ಅಕ್ಷರದಲ್ಲಿತ್ತು.

“ರೋಮ ಒಂದ್ ಸ್ಟಾಕ್ ಇಲ್ಲೆ, ಅಷ್ಟೇ” ಎಂದ ಬೇಲಿಯಾಚೆಯ ಒಬ್ಬ.

ನೆರೆಮನೆಯ ಹೆಂಗಸೊಬ್ಬಳು ಪ್ರೇಮಾನಂದನನ್ನೂ ಕರುವನ್ನೂ ಎರಡೆರಡು ಸಲ ನೋಡಿ, ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಹೋದಳು. ಒಳಗಿನಿಂದ ನಗು ಕೇಳಿತು.

“ಈಗಿನ ಸೆಕೆ ಕಾಣಿ ಭಾವ” ಎಂದು ಪ್ರೇಮಾನಂದ ಧೈರ್ಯ ತಂದುಕೊಂಡ. “ಹೊಟ್ಟೆಯಗೆ ಇಪ್ಪ ಹೊತ್ತಿಗೇ ಕರಿಗೆ ಗೊತ್ತಾಯಿತ್, ಹೊರಗೆ ಸೆಕೆ ಅಂತ. ಬುದ್ಧಿವಂತ ಕರಿ. ತೆಂಗಿನೆಣ್ಣೆ ಹಾಕಿ, ಬತ್ತ್.”

“ನೀವ್ ಎಷ್ಟ್ ವರ್ಷದಿಂದ ಹಾಕ್ತಾ ಇದ್ರಿ?” ಎಂದು ಬೇಲಿಯಾಚೆಯವನು ಕೇಳಿದ.

ಅಷ್ಟರಲ್ಲಿ ದನದ ಡಾಕ್ಟರು ಅನಿಷಾ ಬಂದರು. ಕರುವಿನ ಶರ್ಟು ಎತ್ತಿ, ಚರ್ಮ ಸವರಿ, ಹಲ್ಲು ನೋಡಿ, ಎದ್ದು ನಿಂತು ಕೇಳಿದರು:

“ಇದರ ತಂದೆ ಯಾರು?”

ಈ ಪ್ರಶ್ನೆಯನ್ನು ದನದ ಬಗ್ಗೆಯಾಗಲಿ ಮನುಷ್ಯರ ಬಗ್ಗೆಯಾಗಲಿ ಅಷ್ಟು ಜನರ ಎದುರು ಯಾರೂ ಕೇಳಿದ್ದಿಲ್ಲ. ಪ್ರೇಮಾನಂದ ಗಂಟಲು ಸರಿಮಾಡಿಕೊಂಡು ತಾಯಿಯ ಕಡೆಯ ಏಳು ತಲೆ ಹೇಳತೊಡಗಿದ. ಡಾಕ್ಟರು ಮೂರನೆಯ ತಲೆಯಲ್ಲೇ ಕೈ ಎತ್ತಿ ನಿಲ್ಲಿಸಿದರು.

“ಅಜ್ಜಿಯರು ಸಾಕು. ಹೋರಿ ಯಾವುದು? ಆ ಹೋರಿಯ ತಂದೆ ಯಾವುದು? ಈ ದನದ ತಂದೆ ಯಾವುದು?”

ಪ್ರೇಮಾನಂದ ಕುಷ್ಟನನ್ನು ನೋಡಿದ. ನೋಡಬಾರದಿತ್ತು.

“ಎರ್ಡಕ್ಕೂ ಅಪ್ಪ ನಮ್ಮ್ ದೊಡ್ಡ ಕರಿಯನೇ ಅಲ್ದಾ ಡಾಕ್ಟ್ರೇ” ಎಂದ ಕುಷ್ಟ, ಬಹಳ ದಿನದಿಂದ ಯಾರಾದರೂ ಕೇಳಲೆಂದು ಕಾದವನ ಹಾಗೆ.

“ಹಾಗೆ ಹೇಳಿ!” ಡಾಕ್ಟರು ಕೈ ತೊಳೆಯುತ್ತ ವಿವರಿಸಿದರು. “ಕೂದಲು ಬಾರದ ಈ ಗುಣ ಆ ದೊಡ್ಡ ಕರಿಯನ ರಕ್ತದಲ್ಲಿ ಅಡಗಿದ್ದಿರಬೇಕು. ತಂದೆ ತಾಯಿ ಇಬ್ಬರಲ್ಲಿ ಒಬ್ಬರಿಂದ ಮಾತ್ರ ಬಂದರೆ ಹೊರಗೆ ಕಾಣೂದಿಲ್ಲ. ಇಬ್ಬರಿಂದಲೂ ಬಂದರೆ ಕರು ಹೀಗೆ. ಹೋರಿಯೂ ದನವೂ ಒಂದೇ ಅಪ್ಪನ ಮಕ್ಕಳು, ಇಬ್ಬರಲ್ಲೂ ಅಡಗಿತ್ತು. ಕರು ಬದುಕ್ತದೆ, ಬಿಸಿಲು ಚಳಿ ತಾಗದ ಹಾಗೆ ನೋಡಿ. ಆ ಹೋರಿಯನ್ನು ಮಾತ್ರ ಇನ್ನು ದನಗಳಿಗೆ ಬಿಡಬೇಡಿ.”

“ಆದ್ರೆ ಬಳಿ ಬೇರೆ ಬೇರೆ ಇದ್ದಿತ್ ಡಾಕ್ಟ್ರೇ!” ಎಂದು ಪ್ರೇಮಾನಂದ ನೊಂದು ಹೇಳಿದ.

“ರಕ್ತಕ್ಕೆ ಅಪ್ಪನೂ ಲೆಕ್ಕವೇ.”

ಡಾಕ್ಟರು ಸ್ಕೂಟರು ಹತ್ತಿ ಹೋದರು. ಕೊರಗಣ್ಣ ಮುಟ್ಟಾಳೆಯನ್ನು ಕಣ್ಣಿನ ತನಕ ಎಳೆದುಕೊಂಡ. ಆಮೇಲೆ ನಿಧಾನಕ್ಕೆ ಹೇಳಿದ:

“ದನಗಂಟಿ ಬಳಿ ಲೆಕ್ಕ ಮಾಡ್ದವ್ರೂ ನೀವೇ. ಮಕ್ಳ ಬಳಿ ಲೆಕ್ಕ ಮಾಡ್ದವ್ರೂ ನೀವೇ. ಅಪ್ಪಂದಿರ ಬದಿ ಲೆಕ್ಕ ಸಮ ಆಪಲ್ಲಿವರೆಗೆ ನಿಶ್ಚಯ ಇಲ್ಲೆ ಭಾವ. ನಾಳೆ ನಮ್ಮನೆ ತೊಟ್ಲಗೆ ಇಂಥದ್ದೇ ಒಂದ್ ಬಿದ್ಕಂಡ್ರೆ ನಾ ಯಾವ ಅಂಗಿ ಹಾಕ್ಲಿ?”

ಸಂಜೆ ಸೌಮ್ಯಶ್ರೀ ಅಳಲಿಲ್ಲ. ಮಾವನ ಎದುರು ಊಟದ ಬಟ್ಟಲು ಇಟ್ಟ ಸದ್ದಿಗೆ ಕುಷ್ಟನ ಮನೆಯ ಕೋಳಿ ಎಚ್ಚರಾಯಿತು.

“ಮಾವ, ನೀವ್ ಹೋರಿಗೆ ಹೆಣ್ಣ್ ಹುಡ್ಕಿ ನನ್ನ್ ಮದಿ ಮುರ್ದ್ರಿ.”

“ಇಲ್ಲೆ ಹೆಣೆ. ಅಪ್ಪಂದಿರ ಲೆಕ್ಕವೂ ಮಾಡುವ. ಎಂತ ಕಷ್ಟ ಅದ್?”

ಕಷ್ಟ ಏನೆಂದು ಮರುದಿನ ಗೊತ್ತಾಯಿತು. ತಾಯಂದಿರನ್ನು ಕೇಳಿದರೆ ಊರಿನ ಯಾವ ಮುದುಕಿಯೂ ನಿಲ್ಲದೆ ಹೇಳುತ್ತಿದ್ದಳು. ಅಪ್ಪಂದಿರನ್ನು ಕೇಳಿದರೆ ಎಲ್ಲರೂ ಒಂದೇ ಕಡೆ ತಡವರಿಸಿದರು: ‘ಅವ್ರಾ? ಅವ್ರ್ ಯಾರೋ ಮೇಲ್ ಬದಿಯಿಂದ ಬಂದವ್ರ್.’ ಪ್ರೇಮಾನಂದ ಕೊನೆಗೆ ತನ್ನ ಅಬ್ಬಿ ಅಮ್ಮಣ್ಣಿಯ ಎದುರು ಕೂತ.

“ಅಬ್ಬೀ, ಅಪ್ಪಯ್ಯ ಯಾವ ಬದಿಯವ್ರ್?”

ಅಮ್ಮಣ್ಣಿ ಎಲೆಗೆ ಸುಣ್ಣ ಸವರುತ್ತ ಮಗನನ್ನು ವಿಚಿತ್ರವಾಗಿ ನೋಡಿದಳು. “ಸತ್ತ್ ಇಷ್ಟ್ ವರ್ಷ ಆದ್ಮೇಲೆ ಕೇಂತ್ಯಲ್ಲ. ಗಂಗೊಳ್ಳಿ ಬದಿಯವ್ರ್. ದೋಣಿಯಗೆ ಬಂದವ್ರ್.”

“ಅವ್ರಿಗೆ ಅಣ್ಣತಮ್ಮಂದಿರ್ ಇದ್ದಿರಾ?”

“ಇದ್ದಿರಬೌದ್. ಗಂಡಸ್ರನ್ನ ಯಾರ್ ಎಣ್ಸ್ತ್ರ್? ಒಳ್ಳೆ ಜನ. ತಲಿ ಮಾತ್ರ ಕಂಚಿನ ಹರಿವಾಣದ ಹಾಂಗೆ ಇದ್ದಿತ್.”

ಜಗಲಿಯ ತುದಿಯಲ್ಲಿ ಕೂತಿದ್ದ ಕುಷ್ಟ ಇದೆಲ್ಲ ಕೇಳಿಸಿಕೊಂಡ. ಅದೇ ಮಧ್ಯಾಹ್ನ ಕೊರಗಣ್ಣನ ಫೋನು ಬಂತು. ತನ್ನ ಲೆಕ್ಕ ಮುಗಿಯಿತೆಂದ. ರತೀಶನ ಅಪ್ಪ ಕಾರ್ಕಳ ಬದಿಯವ, ಸೌಮ್ಯಶ್ರೀಯ ಅಪ್ಪ ಆ ಬದಿಯವನಲ್ಲ, ಚಿಂತೆಯಿಲ್ಲ. “ನನ್ನ್ ಅಪ್ಪಯ್ಯ ಮಾತ್ರ ಗಂಗೊಳ್ಳಿಯವ್ರ್. ದೋಣಿಯಗೆ ಬಂದವ್ರಂಬ್ರ್. ನಿಮ್ಮ್ ಅಪ್ಪಯ್ಯ ಎಲ್ಲಿಯವ್ರ್ ಭಾವ?”

ಪ್ರೇಮಾನಂದ ಮನಸ್ಸಿನಲ್ಲೇ ಲೆಕ್ಕ ಹಾಕಿದ. ಇಬ್ಬರು ಗಂಗೊಳ್ಳಿಯವರು, ಇಬ್ಬರೂ ದೋಣಿಯವರು. ಅಣ್ಣತಮ್ಮಂದಿರೇ ಆಗಿದ್ದರೆ? ವನಜಳೂ ರತೀಶನ ತಾಯಿಯೂ ದೊಡ್ಡ ಕರಿಯನ ಲೆಕ್ಕಕ್ಕೇ ಬಂದ ಹಾಗೆ!

“ಶಿರೂರು” ಎಂದುಬಿಟ್ಟ. “ಶಿರೂರು ಬದಿ.”

ಕೊರಗಣ್ಣ ನೆಮ್ಮದಿಯಿಂದ, ಹಾಗಾದರೆ ಎಲ್ಲರೂ ಭಾನುವಾರ ಬನ್ನಿ, ಕರುವನ್ನೂ ಕಂಡ ಹಾಗಾಯಿತು, ದಿನವನ್ನೂ ಗೊತ್ತುಮಾಡುವ ಎಂದ. ಪ್ರೇಮಾನಂದ ಕುಷ್ಟನಿಗೆ ಬಸ್ಸಿನ ದಾರಿಯುದ್ದಕ್ಕೂ ಹೇಳಿದ್ದು ಒಂದೇ ಮಾತು: “ಬಾಯಿ ಬಿಡ್ಕಾಗ.” ಕುಷ್ಟ ಪ್ರತಿ ಸಲವೂ ತಲೆಯಾಡಿಸಿದ.

ಭಾನುವಾರ ಪ್ರೇಮಾನಂದ ಎಂದಿಗಿಂತ ಹೆಚ್ಚು ಎಣ್ಣೆ ಹಾಕಿ ಕೂದಲು ಕೂರಿಸಿದ್ದ. ಹಲಸಿನ ಮರದ ಕೆಳಗೆ ಕುರ್ಚಿ ಹಾಕಿದ್ದರು. ವನಜ, ಸೌಮ್ಯಶ್ರೀ, ರತೀಶ, ಕುಷ್ಟ, ಸುತ್ತಮುತ್ತಲ ನಾಲ್ಕು ಮನೆಯವರು ಎಲ್ಲ ಇದ್ದರು. ಕರು ನೋಡಲು ಬಂದ ಡಾಕ್ಟರು ಅನಿಷಾ ಕೂಡ ಚಾ ಕುಡಿಯುತ್ತಿದ್ದರು. ಕರು ಹೊಸದೊಂದು ಟೀ ಶರ್ಟಿನಲ್ಲಿ ಅಂಗಳ ತುಂಬ ಓಡಾಡುತ್ತಿತ್ತು. ಕೊರಗಣ್ಣ ಅದಕ್ಕೆ ಚಿನ್ನಮ್ಮ ಎಂದು ಹೆಸರಿಟ್ಟಿದ್ದ, ಬೆಳಿಗ್ಗೆ ಎದ್ದು ಮೊದಲು ಅದರ ಮುಖ ನೋಡುತ್ತಿದ್ದ ಎಂದು ರತೀಶ ಸೌಮ್ಯಶ್ರೀಯ ಕಿವಿಯಲ್ಲಿ ಹೇಳಿದ.

“ಹಾಂಗಾರೆ ಬಪ್ಪ ಗುರುವಾರ…” ಎಂದು ಕೊರಗಣ್ಣ ಶುರುಮಾಡಿದ.

ಅದೇ ಹೊತ್ತಿಗೆ ಚಿನ್ನಮ್ಮ ಪ್ರೇಮಾನಂದನ ಕುರ್ಚಿಯ ಹಿಂದೆ ಬಂದು ನಿಂತಿತು. ತೆಂಗಿನೆಣ್ಣೆಯ ಪರಿಮಳ ಅದಕ್ಕೆ ಹುಟ್ಟಿದಂದಿನಿಂದ ಪರಿಚಯದ್ದು. ನಾಲಿಗೆ ಚಾಚಿ, ಎಡಗಿವಿಯ ಬುಡದಿಂದ ನೆತ್ತಿಯ ಮೇಲಕ್ಕೆ ಒಂದು ಸಲ, ನಿಧಾನವಾಗಿ, ತಾಯಿ ಕರುವನ್ನು ನೆಕ್ಕುವ ಹಾಗೆ ನೆಕ್ಕಿತು. ಅಷ್ಟು ವರ್ಷ ಮಲಗಿದ್ದ ಕೂದಲು ಎದ್ದು ನಿಂತಿತು. ಎಡಗಡೆಯಲ್ಲಿ ಒಂದು ಗಿಡ. ಉಳಿದದ್ದೆಲ್ಲ ಬಯಲು, ಬಿಸಿಲಿಗೆ ಹೊಳೆಯುತ್ತಿತ್ತು.

ಮೊದಲು ನಕ್ಕವನು ಕೊರಗಣ್ಣ. ತಲೆ ಹಿಂದಕ್ಕೆ ಚೆಲ್ಲಿ, ಕುರ್ಚಿಯ ಕೈ ಬಡಿದು ನಕ್ಕ. ಆ ರಭಸಕ್ಕೆ ಮುಟ್ಟಾಳೆ ಜಾರಿ ಹಿಂದೆ ಬಿತ್ತು, ಉರುಳುತ್ತ ಹೋಗಿ ಗೌರಿಯ ಎದುರು ನಿಂತಿತು. ಗೌರಿ ಅದನ್ನು ಮೂಸಿ ಅಗಿಯತೊಡಗಿತು.

ನಗು ನಿಂತಿತು. ಎಲ್ಲರೂ ಕೊರಗಣ್ಣನ ತಲೆ ನೋಡಿದರು. ಆಮೇಲೆ ಪ್ರೇಮಾನಂದನ ತಲೆ. ಆಮೇಲೆ ಚಿನ್ನಮ್ಮನ ಕಡೆ. ಮೂರಕ್ಕೂ ಒಂದೇ ಹೊಳಪು.

ಬಾಯಿ ಬಿಡಬಾರದೆಂದು ಬಸ್ಸಿನಲ್ಲಿ ತಲೆಯಾಡಿಸಿದ್ದ ಕುಷ್ಟನಿಗೆ ತಡೆಯಲಾಗಲಿಲ್ಲ. “ಪ್ರೇಮಣ್ಣ, ಇವ್ರೂ ದೊಡ್ಡ ಕರಿಯನದ್ದೇನಾ? ನಿಮ್ಮ್ ಅಪ್ಪಯ್ಯನೂ ಗಂಗೊಳ್ಳಿಯವ್ರೇ ಅಲ್ದಾ? ಹರಿವಾಣದ ಹಾಂಗೆ…”

“ಶಿರೂರು ಅಂದ್ರಿ!” ಕೊರಗಣ್ಣ ಎದ್ದು ನಿಂತ.

“ಶಿರೂರಿಗೂ… ದೋಣಿ ಹೋತಿತ್ತ್” ಎಂದ ಪ್ರೇಮಾನಂದ.

ಸೌಮ್ಯಶ್ರೀ ಮಾವನ ಕಡೆ ನೋಡಿದ ನೋಟ ಹೇಗಿತ್ತೆಂದರೆ, ಆ ನಿಂತ ಕೂದಲೂ ತಾನಾಗಿ ಬಾಗಿತು. ವನಜ ಸೆರಗಿನ ತುದಿ ಕಚ್ಚಿದಳು. ರತೀಶ ಡಾಕ್ಟರ ಹತ್ತಿರ ಹೋಗಿ, “ಮೇಡಂ, ನೀವಾದ್ರೂ ಹೇಳಿ” ಎಂದು ಕೈಮುಗಿದ.

“ನಾನು ದನದ ಡಾಕ್ಟ್ರು ಮಾರಾಯ್ರೇ!”

“ಇವ್ರಿಬ್ರನ್ನ ಒಂದ್ ಸಲ ದನ ಅಂತ್ಲೇ ತೆಳ್ಕಣಿ.”

ಅಷ್ಟರಲ್ಲಿ ಪ್ರೇಮಾನಂದನ ತಲೆಯೊಳಗೆ, ಹೊರಗೆ ಏನೂ ಉಳಿಯದಿದ್ದರೂ, ಹಳೆಯ ವಿದ್ಯೆ ಎದ್ದಿತು. “ಭಾವ! ನಿಮ್ಮ್ ಅಪ್ಪಯ್ಯನ ಬಳಿ ಯಾವ್ದ್?” ಕೊರಗಣ್ಣ ಹೇಳಿದ. ಪ್ರೇಮಾನಂದ ಅಬ್ಬಿಗೆ ಫೋನು ಹಚ್ಚಿ, ಅಪ್ಪಯ್ಯನ ಬಳಿ ಕೇಳಿದ. ಗಂಡನಿಗೆ ಅಣ್ಣತಮ್ಮಂದಿರು ಇದ್ದರೋ ಎಂದೂ ನೆಟ್ಟಗೆ ಗೊತ್ತಿರದ ಅಮ್ಮಣ್ಣಿ, ಅತ್ತೆ, ಅತ್ತೆಯ ಅಬ್ಬಿ, ನಾದಿನಿಯರು ಎಲ್ಲರನ್ನೂ ಹೆಸರು ಹಿಡಿದು ಹೇಳಿದಳು. ಬಳಿ ಬೇರೆ! ಬೇರೆ ಬೇರೆ ತಾಯಿಯ ಮಕ್ಕಳು!

“ಕಂಡ್ರ್ಯಾ! ಅಣ್ಣತಮ್ಮಂದಿರ್ ಅಲ್ಲವೇ ಅಲ್ಲ!” ಪ್ರೇಮಾನಂದ ಕುರ್ಚಿಯ ಮೇಲೆ ಹತ್ತುವುದೊಂದು ಬಾಕಿ.

“ಅವ್ರಿಬ್ರ ಅಪ್ಪ ಒಬ್ನೇ ಆಗಿದ್ರೆ?” ಎಂದ ಕುಷ್ಟ.

“ಕುಷ್ಟಾ! ಬಾಯಿ ಮುಚ್ಚ್!” ಇಡೀ ಅಂಗಳ ಒಂದೇ ದನಿಯಲ್ಲಿ ಕೂಗಿತು. ಗೌರಿ ಕೂಡ ಅಗಿಯುವುದು ನಿಲ್ಲಿಸಿತು.

ಡಾಕ್ಟರು ಚಾದ ಲೋಟ ಕೆಳಗಿಟ್ಟರು. “ನೋಡಿ, ಕರುವಿನದ್ದು ಅಪರೂಪದ ಗುಣ. ನಿಮ್ಮಿಬ್ಬರದ್ದು ಎಲ್ಲಾ ಕಡೆ ಇರೂದು. ನಿನ್ನೆ ನಾನು ಹೋದ ಬಸ್ಸಿನಲ್ಲಿ ಮುಂದಿನ ಮೂರು ಸೀಟಿನಲ್ಲೂ ಇಂಥದ್ದೇ ತಲೆ. ಅವರೆಲ್ಲ ಒಂದೇ ಅಪ್ಪನ ಮಕ್ಕಳಾ? ಅಲ್ಲದೆ, ಗಂಡಸರ ಬೋಳು ತಲೆ ಅಪ್ಪನಿಂದಲೇ ಬರಬೇಕು ಅಂತಿಲ್ಲ. ಬಹಳ ಮಟ್ಟಿಗೆ ಅದು ತಾಯಿಯ ಕಡೆಯಿಂದಲೇ ಬರೂದು. ಹುಡುಗನ ತಲೆ ಮುಂದೆ ಹೇಗಾದೀತು ಅಂತ ಅಂದಾಜು ಬೇಕಾದರೆ ಅವನ ಸೋದರಮಾವನ ತಲೆ ನೋಡಬೇಕು.”

ಕೊರಗಣ್ಣನ ಮುಖದ ಮೇಲೆ ನಿಧಾನಕ್ಕೆ, ಬೆಳಗಾದ ಹಾಗೆ, ಏನೋ ಹರಡಿತು.

“ಮಾವಂದ್… ಅಳಿಯಂಗೆ?”

“ಹೆಚ್ಚಾಗಿ ಹಾಗೇ.”

“ಕೇಂಡ್ರ್ಯಾ ಭಾವ!” ಕೊರಗಣ್ಣ ಪ್ರೇಮಾನಂದನ ಎರಡೂ ಕೈ ಹಿಡಿದುಕೊಂಡ. “ಹಿಂದೆಲ್ಲ ಮಾವನ ಸೊತ್ತೆಲ್ಲ ಅಳಿಯಂಗೆ. ಕಾನೂನ್ ಬಂದ್ ಎಲ್ಲ ಹೋಯ್ತ್. ಇವ್ನಿಗೆ ಕೊಡುಕೆ ನನ್ನತ್ರ ಎಂತದೂ ಉಳಿಲಿಲ್ಲೆ ಅಂತ ಬೇಜಾರಗಿದ್ದಿದ್ದೆ!” ಎಂದು ರತೀಶನ ನೆತ್ತಿಯ ಮೇಲೆ ಆಶೀರ್ವಾದದ ಹಾಗೆ ಕೈ ಇಟ್ಟ.

ರತೀಶ ಆ ಕೈಯ ಕೆಳಗೆ ಕುಗ್ಗಿದ. ಅವನ ದಟ್ಟ ಗುಂಗುರು ಕೂದಲನ್ನು ಎಲ್ಲರೂ ನೋಡಿದರು, ಬಸ್‌ಸ್ಟ್ಯಾಂಡಿನಲ್ಲಿ ಹೊರಟು ನಿಂತವರನ್ನು ನೋಡುವ ಹಾಗೆ. ಆಮೇಲೆ ಎಲ್ಲರ ಕಣ್ಣು ಸೌಮ್ಯಶ್ರೀಯ ಕಡೆ ತಿರುಗಿತು. ಈಗ ಆಡಬೇಕಾದ ಮಾತು ಅವಳದು.

“ಕಂಡ್ಯಲ್ಲ ಹೆಣೆ” ಎಂದ ಕೊರಗಣ್ಣ, ತಲೆಯನ್ನು ಅವಳಿಗೆ ಸರಿಯಾಗಿ ಕಾಣುವ ಹಾಗೆ ಬಾಗಿಸಿ. “ಮುಚ್ಚುಮರೆ ಇಲ್ಲೆ. ಹೀಂಗೇ ಆಪುದ್. ಒಪ್ಪಿಗೆಯಾ?”

ಸೌಮ್ಯಶ್ರೀ ಒಂದು ತಲೆ ನೋಡಿದಳು. ಇನ್ನೊಂದು ತಲೆ ನೋಡಿದಳು. ಅಲ್ಲಿ ಪ್ರೇಮಾನಂದನ ಕೈ ಎಡಗಿವಿಯಿಂದ ಒದ್ದೆ ಕೂದಲನ್ನು ಮೆಲ್ಲಗೆ ನೆತ್ತಿಯ ಮೇಲಕ್ಕೆ ದಾಟಿಸುತ್ತಿತ್ತು.

“ಒಪ್ಪಿಗೆಯೇ” ಎಂದಳು. “ಬೋಳ್ ಆದ್ರೆ ಆಯ್ಲಿ. ಎಡಗಿವಿದ್ ಎಳ್ದ್ ತಂದ್ ಬಲಗಿವಿಗೆ ಕಟ್ಟುಕೆ ಮಾತ್ರ ನಾ ಬಿಡುದಿಲ್ಲೆ. ಅದನ್ನ ಈಗ್ಳೇ ಹೇಳಿ ಒಪ್ಸ್ಕಣಿ.”

ಪ್ರೇಮಾನಂದನ ಕೈ ನೆತ್ತಿಯ ನಡುವೆ ನಿಂತಿತು. ಮುಂದಕ್ಕೂ ಹೋಗಲಿಲ್ಲ, ಹಿಂದಕ್ಕೂ ಬರಲಿಲ್ಲ. ಕೊನೆಗೆ ಅವನು ಕೈ ಬಿಟ್ಟ. ಕೂದಲು ಎಡಗಡೆಗೆ ಜೋತುಬಿತ್ತು. ಹಿಂದೆ ಕಾದು ನಿಂತಿದ್ದ ಚಿನ್ನಮ್ಮ, ಉಳಿದ ಎಣ್ಣೆಯನ್ನು ನೆಕ್ಕಲು ಮುಂದೆ ಬಂತು. ಅವನು ಈ ಸಲ ತಲೆ ಸರಿಸಲಿಲ್ಲ.